ಕೆಂಪು ಬಟ್ಟೆ ಬೀಸುವವರು ಯಾರು?

2023ರ ಬೇಸಿಗೆ ಕಾಲಿಡುವ ಹೊತ್ತಿಗೆ ಮಂಗಳೂರಿನ ಹೊರವಲಯದಲ್ಲಿ ಒಂದು ಮರ ರೈಲು ಹಳಿಯ ಮೇಲೆ ಅಡ್ಡ ಬಿತ್ತು. ಮುಂಬೈಗೆ ಹೊರಟ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬರುವ ಸಮಯ. ಹಳಿಯ ಪಕ್ಕದ ಮನೆಯಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಅದನ್ನು ಕಂಡರು. ಯಾರಿಗಾದರೂ ಫೋನು ಮಾಡಿ, ಅವರು ಇನ್ಯಾರಿಗೋ ಹೇಳಿ, ಸುದ್ದಿ ಚಾಲಕರಿಗೆ ಮುಟ್ಟುವಷ್ಟು ಹೊತ್ತು ಇರಲಿಲ್ಲ. ಕೈಗೆ ಸಿಕ್ಕ ಕೆಂಪು ಬಟ್ಟೆ ಹಿಡಿದು ಹಳಿಯತ್ತ ಓಡಿದರು, ಬೀಸಿದರು. ಚಾಲಕರು ಕಂಡರು, ಬ್ರೇಕ್ ಹಾಕಿದರು, ಗಾಡಿ ನಿಂತಿತು. ಮರ ಕಡಿದು ಸರಿಸಿದ ಮೇಲೆ ಮತ್ಸ್ಯಗಂಧ ತನ್ನ ದಾರಿ ಹಿಡಿಯಿತು.

ಆ ಅಜ್ಜಿಯನ್ನು ನಾಡೆಲ್ಲ ಕೊಂಡಾಡಿತು, ಅದು ನ್ಯಾಯವೇ. ಆದರೆ ಎಷ್ಟೆಲ್ಲ ಕೂಡಿ ಬಂದಿತ್ತು ನೋಡಿ. ಅವರು ಮನೆಯಲ್ಲಿದ್ದರು. ಬಟ್ಟೆ ಕೈಗೆಟುಕುವಂತಿತ್ತು. ಹಗಲಾಗಿತ್ತು. ಚಾಲಕರ ಕಣ್ಣು ಹಳಿಯ ಮೇಲಿತ್ತು. ನೂರು ಕಿ.ಮೀ. ವೇಗದಲ್ಲಿ ಬರುವ ಗಾಡಿ ನಿಲ್ಲಲು ಒಂದು ಕಿ.ಮೀ. ಆಸುಪಾಸು ಬೇಕು, ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ, ಪಕ್ಕಕ್ಕೆ ಹೊರಳಿಸಿಕೊಳ್ಳಲು ಸ್ಟಿಯರಿಂಗ್ ಇಲ್ಲ. ಕಣ್ಣಿಗೆ ಬಿದ್ದ ಮೇಲೆ ತಪ್ಪಿಸಿಕೊಳ್ಳುವ ಉಪಾಯ ರೈಲಿಗೆ ಬಹುತೇಕ ಇಲ್ಲ. ರಾತ್ರಿ ಎರಡು ಗಂಟೆಗೆ, ಮನೆಯೇ ಇಲ್ಲದ ಕಾಡಿನ ನಡುವೆ, ಮಳೆಯಲ್ಲಿ ಕೆಂಪು ಬಟ್ಟೆ ಬೀಸುವವರು ಯಾರು? ರೈಲು ಸುರಕ್ಷತೆಯ ಹೆಸರಾಂತ ಆವಿಷ್ಕಾರಗಳೆಲ್ಲ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹುಟ್ಟಿದವು.

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಅದನ್ನು ಬಳಸದೆ ಹೋದದ್ದಕ್ಕೆ ಐರ್ಲೆಂಡಿನ ಆರ್ಮಾ ಎಂಬ ಊರು ತೆತ್ತ ಬೆಲೆ ದೊಡ್ಡದು. 1889ರ ಜೂನ್ 12ರಂದು ಅಲ್ಲಿಯ ಸಂಡೇ ಸ್ಕೂಲಿನ ಮಕ್ಕಳು, ತಂದೆತಾಯಿಯರು ಸೇರಿ ಒಂಬೈನೂರಕ್ಕೂ ಹೆಚ್ಚು ಜನ ವಾರೆನ್‌ಪಾಯಿಂಟ್ ಎಂಬ ಕಡಲತಡಿಯ ಊರಿಗೆ ವಿಶೇಷ ರೈಲಿನಲ್ಲಿ ಪ್ರವಾಸ ಹೊರಟರು. ಊರು ಬಿಟ್ಟೊಡನೆ ಏರು. ಭಾರ ಹೆಚ್ಚಾಗಿ ಎಂಜಿನ್ನು ಏದುಸಿರು ಬಿಡುತ್ತಾ ಏರಿನ ತುದಿ ಇನ್ನೇನು ಸಿಕ್ಕಿತು ಎನ್ನುವಾಗ ನಿಂತೇಬಿಟ್ಟಿತು. ಗಾಡಿಯನ್ನು ಎರಡು ತುಂಡು ಮಾಡಿ, ಮುಂದಿನ ತುಂಡನ್ನು ಮೊದಲು ಒಯ್ದು ಮುಂದಿನ ನಿಲ್ದಾಣದಲ್ಲಿ ಬಿಟ್ಟು, ಹಿಂದಿನದಕ್ಕೆ ಮರಳಿ ಬರೋಣವೆಂದು ಸಿಬ್ಬಂದಿ ಯೋಚಿಸಿದರು.

ಆ ಗಾಡಿಗೆ ಬ್ರೇಕ್ ಇತ್ತು. ಆದರೆ ಎಂಜಿನ್ನು ಜೋಡಿಕೊಂಡಿರುವವರೆಗೆ ಮಾತ್ರ ಕೆಲಸ ಮಾಡುವ ಬ್ರೇಕ್ ಅದು. ಪೈಪು ಬಿಚ್ಚಿದ ಕ್ಷಣವೇ ಹಿಂದಿನ ಹತ್ತು ಬೋಗಿಗಳ ಬ್ರೇಕ್ ಬಿಟ್ಟುಹೋಯಿತು. ಉಳಿದದ್ದು ಕೊನೆಯ ಬೋಗಿಯ ಕೈಬ್ರೇಕು, ಮತ್ತೆ ಗಾಲಿಗಳ ಕೆಳಗೆ ಒತ್ತುಗೊಟ್ಟ ಕಲ್ಲುಗಳು. ಮುಂದಿನ ತುಂಡು ಹೊರಡುವಾಗ ಕೊಂಚ ಹಿಂದಕ್ಕೆ ಜಗ್ಗಿ ತಾಗಿತು. ಕಲ್ಲು ಪುಡಿಯಾಯಿತು. ಹತ್ತು ಬೋಗಿ ಇಳಿಜಾರಿನಲ್ಲಿ ಹಿಂದಕ್ಕೆ ಉರುಳತೊಡಗಿದವು. ಟಿಕೆಟ್ ಇಲ್ಲದವರು ಹತ್ತಬಾರದೆಂದು ಬಾಗಿಲುಗಳಿಗೆ ಬೀಗ ಹಾಕಿದ್ದರು. ಕೆಳಗಿನಿಂದ ಇನ್ನೊಂದು ಗಾಡಿ ಅದೇ ಹಳಿಯಲ್ಲಿ ಏರಿ ಬರುತ್ತಿತ್ತು. ಸತ್ತವರು 80 ಜನ. ಅವರಲ್ಲಿ ಸುಮಾರು ಮೂರನೇ ಒಂದು ಪಾಲು ಮಕ್ಕಳು.

ಎದೆಗೆ ಚುಚ್ಚುವ ಸಂಗತಿ ಏನೆಂದರೆ, ಪೈಪು ಬಿಚ್ಚಿದೊಡನೆ ತಾನಾಗಿಯೇ ಹಿಡಿದುಕೊಳ್ಳುವ ಬ್ರೇಕ್ ಅಷ್ಟು ಹೊತ್ತಿಗಾಗಲೇ ಬಂದು ಹದಿನೇಳು ವರ್ಷವಾಗಿತ್ತು.

ಅದನ್ನು ಕಟ್ಟಿದಾತ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್. ಆಗಿನ ರೈಲಿನಲ್ಲಿ ಬ್ರೇಕ್ ಹಾಕುವುದೆಂದರೆ ಚಾಲಕ ಸೀಟಿ ಊದಬೇಕು, ಬ್ರೇಕ್‌ಮನ್‌ಗಳು ಓಡುವ ಗಾಡಿಯ ಚಾವಣಿಯ ಮೇಲೆ ಒಂದೊಂದೇ ಬೋಗಿ ದಾಟುತ್ತಾ ಕೈಚಕ್ರ ತಿರುಗಿಸಬೇಕು. ಹಿಮದ ರಾತ್ರಿಯಲ್ಲಿ ಕಾಲು ಜಾರಿದವರಿಗೆ ಲೆಕ್ಕವಿಲ್ಲ. ಎರಡು ಗಾಡಿಗಳು ಎದುರುಬದುರು ಡಿಕ್ಕಿ ಹೊಡೆದದ್ದನ್ನು ಕಂಡಿದ್ದ ಯುವಕ ವೆಸ್ಟಿಂಗ್‌ಹೌಸನ ತಲೆಯಲ್ಲಿ ಇದೇ ಕೊರೆಯುತ್ತಿತ್ತು. ಆಲ್ಪ್ಸ್ ಪರ್ವತದ ಮಾಂಟ್ ಸೆನಿ ಸುರಂಗದಲ್ಲಿ ಗಾಳಿಯನ್ನು ಒತ್ತಿ ತುಂಬಿ, ದೂರದವರೆಗೆ ಕೊಳವೆಯಲ್ಲಿ ಸಾಗಿಸಿ, ಬಂಡೆ ಕೊರೆಯುತ್ತಾರೆಂಬ ಲೇಖನವನ್ನು ಆತ ಒಂದು ಪತ್ರಿಕೆಯಲ್ಲಿ ಓದಿದ. ಬಂಡೆ ಕೊರೆಯುವ ಗಾಳಿ ಗಾಲಿ ಹಿಡಿಯಲಾರದೆ? 1869ರಲ್ಲಿ ಪೇಟೆಂಟ್ ಸಿಕ್ಕಾಗ ಆತನಿಗೆ 22 ವರ್ಷ.

ಆ ಮೊದಲ ಬ್ರೇಕಿನಲ್ಲೂ ಆರ್ಮಾದ ಬ್ರೇಕಿನ ಕೊರತೆಯೇ ಇತ್ತು: ಚಾಲಕ ಗಾಳಿ ಕಳಿಸಿದರೆ ಬ್ರೇಕ್ ಬೀಳುತ್ತಿತ್ತು, ಪೈಪು ಒಡೆದರೆ ಏನೂ ಇಲ್ಲ. ಹಿರಿಮೆ ಇರುವುದು 1872ರ ಹೊತ್ತಿಗೆ ಆತ ಅದನ್ನು ತಲೆಕೆಳಗು ಮಾಡಿದ್ದರಲ್ಲಿ. ಪ್ರತಿ ಬೋಗಿಯ ಕೆಳಗೂ ಗಾಳಿಯ ಒಂದು ಪುಟ್ಟ ಸಿಲಿಂಡರು ಇಟ್ಟ. ಉದ್ದಕ್ಕೂ ಓಡುವ ಪೈಪಿನಲ್ಲಿ ಗಾಳಿ ತುಂಬಿರುವವರೆಗೆ ಬ್ರೇಕ್ ಬಿಟ್ಟಿರುತ್ತದೆ. ಪೈಪಿನ ಒತ್ತಡ ಕುಸಿದರೆ ಸಾಕು, ಪ್ರತಿ ಬೋಗಿಯ ಕವಾಟವೂ ತನ್ನ ಪಾಲಿನ ಗಾಳಿಯನ್ನು ಬ್ರೇಕಿಗೆ ನೂಕುತ್ತದೆ. ಚಾಲಕರು ಬೇಕೆಂದೇ ಗಾಳಿ ಬಿಟ್ಟರೂ ಅಷ್ಟೇ, ಕೊಂಡಿ ಕಳಚಿ ಪೈಪು ಹರಿದರೂ ಅಷ್ಟೇ. ಬ್ರೇಕ್ ಹಾಕಲು ಬಲ ಬೇಡ. ಹಾಕದೆ ಇರಲು ಬಲ ಬೇಕು.

ಇಂದು ನಮ್ಮ ರೈಲುಗಳ ಬ್ರೇಕ್ ಪೈಪಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ ಇರುತ್ತದೆ. ಪ್ರಯಾಣಿಕರು ಚೈನು ಎಳೆದಾಗ ಆಗುವುದು ಇಷ್ಟೇ: ಆ ಪೈಪಿನಿಂದ ಗಾಳಿ ಬುಸ್ಸೆಂದು ಹೊರಬೀಳುತ್ತದೆ. ಆ ಕೆಂಪು ಹಿಡಿಕೆಯ ಇನ್ನೊಂದು ತುದಿಯಲ್ಲಿರುವುದು ವೆಸ್ಟಿಂಗ್‌ಹೌಸನ ಆ ತಲೆಕೆಳಗು ಲೆಕ್ಕವೇ. ಆರ್ಮಾ ದುರಂತದ ನಂತರ ಎರಡೂವರೆ ತಿಂಗಳಲ್ಲಿ ಬ್ರಿಟಿಷ್ ಸಂಸತ್ತು ಕಾನೂನು ತಂದು, ಪ್ರಯಾಣಿಕರ ಗಾಡಿಗಳಿಗೆ ತಾನಾಗಿ ಬೀಳುವ ಬ್ರೇಕನ್ನು ಕಡ್ಡಾಯ ಮಾಡಿತು.

ಅಮೆರಿಕದಲ್ಲಿ ಬೋಗಿ ಜೋಡಿಸುವವರ ಕಥೆಯೂ ಇಂಥದೇ. ಎರಡು ಬೋಗಿಗಳ ನಡುವೆ ನಿಂತು ಕೊಂಡಿಗೆ ಕೈಯಿಂದ ಪಿನ್ನು ಇಳಿಸಬೇಕಿತ್ತು. ಬೆರಳು ಹೋಗುವುದು ಮಾಮೂಲಿ. ಎರಡು ಅಂಗೈಗಳು ಬೆರಳು ಮಡಚಿ ಒಂದನ್ನೊಂದು ಹಿಡಿದಂತೆ ತಾನೇ ಕೂಡಿಕೊಳ್ಳುವ ಕಪ್ಲಿಂಗನ್ನು ಎಲೈ ಜ್ಯಾನಿ 1873ರಲ್ಲೇ ಪೇಟೆಂಟ್ ಮಾಡಿಸಿದ್ದ. ಅಯೋವಾದ ರೈತ ಲೊರೆಂಜೊ ಕಾಫಿನ್ ವರ್ಷಗಟ್ಟಲೆ ಪತ್ರ ಬರೆದು, ಸಭೆಗಳಲ್ಲಿ ಮಾತಾಡಿ ಬೇಡಿದರೂ, ಅದನ್ನು ಕಡ್ಡಾಯ ಮಾಡುವ ಕಾನೂನು ಬರಲು 1893 ಆಗಬೇಕಾಯಿತು. ಇಪ್ಪತ್ತು ವರ್ಷ, ಲೆಕ್ಕವಿಲ್ಲದ ಬೆರಳುಗಳು.

ಇನ್ನು ಸಿಗ್ನಲ್. ನಮ್ಮ ಹಿರಿಯರು ಕೈಮರ ಎನ್ನುತ್ತಿದ್ದ ಕಂಬ. ಅಡ್ಡಲಾಗಿ ಚಾಚಿದ ಕೈ ಎಂದರೆ ನಿಲ್ಲು. ಬ್ರಿಟನ್ನಿನಲ್ಲಿ ಹಿಂದೆ ಕೈಮರ ಸಾಮಾನ್ಯವಾಗಿ ‘ಹೋಗು’ ಎಂದೇ ಇರುತ್ತಿತ್ತು; ಅಪಾಯವಿದ್ದಾಗ ಮಾತ್ರ ‘ನಿಲ್ಲು’ ಎಂದು ಎಳೆಯುತ್ತಿದ್ದರು. 1876ರ ಜನವರಿ 21ರ ಸಂಜೆ ಅಬ್ಬಟ್ಸ್ ರಿಪ್ಟನ್ ಎಂಬಲ್ಲಿ ಹಿಮ ಸುರಿಯುತ್ತಿತ್ತು. ಸಿಗ್ನಲ್‌ಮನ್ ಸನ್ನೆಕೋಲು ಎಳೆದ, ಆದರೆ ಹಿಮ ಹೆಪ್ಪುಗಟ್ಟಿದ್ದ ಕೈ ಅಲುಗಲಿಲ್ಲ. ‘ಹೋಗು’ ಎಂದೇ ಹೇಳುತ್ತಾ ನಿಂತಿತು. ಸ್ಕಾಟ್ಲೆಂಡಿನಿಂದ ಬಂದ ಎಕ್ಸ್‌ಪ್ರೆಸ್ ಕಲ್ಲಿದ್ದಲಿನ ಗಾಡಿಗೆ ಬಡಿಯಿತು. ಅದರ ಮೇಲೆ ಇನ್ನೊಂದು ಎಕ್ಸ್‌ಪ್ರೆಸ್ ಬಂದು ಎರಗಿತು. ಅಲ್ಲಿಂದ ಮುಂದೆ ಪದ್ಧತಿ ಮಗುಚಿತು. ಸಿಗ್ನಲಿನ ಸಹಜ ಸ್ಥಿತಿ ‘ನಿಲ್ಲು’. ಹಾದಿ ತೆರವಿದೆ ಎಂದು ಖಚಿತವಾದರೆ ಮಾತ್ರ ‘ಹೋಗು’.

ಇದೇ ಹೊತ್ತಿನಲ್ಲಿ ಅಮೆರಿಕದಲ್ಲಿ ವಿಲಿಯಂ ರಾಬಿನ್ಸನ್ ಹಳಿಗೇ ಬಾಯಿ ಕೊಟ್ಟ. 1872ರ ಆತನ ಪೇಟೆಂಟಿನ ಹೆಸರು ಇಂದು ಟ್ರ್ಯಾಕ್ ಸರ್ಕ್ಯೂಟ್. ಹಳಿಯ ಒಂದು ತುಂಡನ್ನು ಅಕ್ಕಪಕ್ಕದ ತುಂಡುಗಳಿಂದ ವಿದ್ಯುತ್ ಹರಿಯದಂತೆ ಬೇರ್ಪಡಿಸಿ, ಒಂದು ತುದಿಗೆ ಸಣ್ಣ ಬ್ಯಾಟರಿ, ಇನ್ನೊಂದು ತುದಿಗೆ ರಿಲೇ ಇಡುತ್ತಾರೆ. ವಿದ್ಯುತ್ತು ಒಂದು ಹಳಿಯಲ್ಲಿ ಹೋಗಿ, ರಿಲೇಯ ವಿದ್ಯುತ್‌ಕಾಂತವನ್ನು ಹಾದು, ಇನ್ನೊಂದು ಹಳಿಯಲ್ಲಿ ಮರಳುತ್ತದೆ. ಕಾಂತವು ಒಂದು ಲೋಹದ ನಾಲಗೆಯನ್ನು ಎತ್ತಿ ಹಿಡಿದಿರುವವರೆಗೆ ಸಿಗ್ನಲ್ ಹಸಿರು. ಗಾಡಿ ಬಂತೆನ್ನಿ, ಗಾಲಿ ಮತ್ತು ಅಚ್ಚು ಎರಡು ಹಳಿಗಳನ್ನು ಕೂಡಿಸಿ ವಿದ್ಯುತ್ತಿಗೆ ಅಡ್ಡದಾರಿ ಕೊಡುತ್ತವೆ. ರಿಲೇಗೆ ವಿದ್ಯುತ್ತು ಸಿಗದೆ ನಾಲಗೆ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಬ್ಯಾಟರಿ ಸತ್ತರೂ ನಾಲಗೆ ಬೀಳುತ್ತದೆ. ತಂತಿ ಹರಿದರೂ ಬೀಳುತ್ತದೆ. ಹಳಿ ಪೂರ್ತಿ ತುಂಡಾದರೂ ಸಾಮಾನ್ಯವಾಗಿ ಬೀಳುತ್ತದೆ. ಬೀಳಿಸುವುದು ಭೂಮಿಯ ಗುರುತ್ವ. ಅದು ಕೆಟ್ಟುನಿಲ್ಲುವುದಿಲ್ಲ, ರಜೆ ಹಾಕುವುದಿಲ್ಲ. ಎಂಜಿನಿಯರುಗಳು ಇದನ್ನು ಫೇಲ್‌ಸೇಫ್ ಎನ್ನುತ್ತಾರೆ: ಕೆಟ್ಟರೆ ಕಾಯುವ ಕಡೆಗೇ ಕೆಡಬೇಕು.

ನಮ್ಮ ಒಂಟಿ ಹಳಿಯ ಊರುಗಳಲ್ಲಿ ಬೆಳೆದವರಿಗೆ ಇದೇ ತತ್ತ್ವದ ಇನ್ನೊಂದು ರೂಪ ಕಣ್ಣಮುಂದೆ ಇರುತ್ತದೆ. ಸ್ಟೇಷನ್ ಮಾಸ್ಟರ ಕೋಣೆಯಲ್ಲಿ ಕೆಂಬಣ್ಣದ ಭಾರಿ ಪೆಟ್ಟಿಗೆ, ಅದರೊಳಗೆ ಉಕ್ಕಿನ ಚೆಂಡುಗಳು. ಪ್ರತಿ ಚೆಂಡಿನ ಮೇಲೂ ಎರಡು ನಿಲ್ದಾಣಗಳ ನಡುವಿನ ಆ ಮಾರ್ಗದ ಗುರುತು ಕೊರೆದಿರುತ್ತದೆ. ಇದು ನೀಲ್ಸ್ ಬಾಲ್ ಟೋಕನ್ ಯಂತ್ರ. ಮುಂದಿನ ನಿಲ್ದಾಣದ ಯಂತ್ರದೊಂದಿಗೆ ತಂತಿಯಲ್ಲಿ ಹೆಣೆದುಕೊಂಡಿರುವ ಇದು, ಆ ಕಡೆಯವರು ಒಪ್ಪದೆ ಚೆಂಡು ಬಿಡುವುದಿಲ್ಲ. ಒಂದು ಚೆಂಡು ಹೊರಗಿದ್ದರೆ ಎರಡೂ ಕಡೆಯ ಯಂತ್ರಗಳು ಇನ್ನೊಂದನ್ನು ಕೊಡುವುದಿಲ್ಲ. ಚೆಂಡು ಕೈಯಲ್ಲಿಲ್ಲದ ಚಾಲಕ ಆ ಹಳಿಗೆ ಗಾಡಿ ಹತ್ತಿಸುವಂತಿಲ್ಲ. ನಿಲ್ಲದೆ ಹೋಗುವ ಗಾಡಿ ಬಂದಾಗ ಪೋರ್ಟರು ಬೆತ್ತದ ದೊಡ್ಡ ಬಳೆಗೆ ಚೀಲ ಕಟ್ಟಿ, ಅದರಲ್ಲಿ ಚೆಂಡಿಟ್ಟು, ಕೈ ಎತ್ತಿ ನಿಲ್ಲುತ್ತಿದ್ದ. ಎಂಜಿನ್ನಿನಿಂದ ಬಾಗಿದ ತೋಳು ಬಳೆಯೊಳಗೆ ತೂರಿ ಅದನ್ನು ಕಿತ್ತುಕೊಂಡು ಹೋಗುತ್ತಿತ್ತು. ಹಿಂದಿನ ನಿಲ್ದಾಣದಿಂದ ತಂದ ಬಳೆ ಪ್ಲಾಟ್‌ಫಾರಮ್ಮಿನ ಮೇಲೆ ಉರುಳುತ್ತಿತ್ತು. ನೋಡುತ್ತಿದ್ದ ಮಕ್ಕಳಿಗೆ ಅದು ಸರ್ಕಸ್ಸು. ಇಂದು ಹೆಚ್ಚಿನ ಕಡೆ ಆ ಕೆಲಸವನ್ನು ಹಳಿಗೆ ಅಂಟಿಸಿದ ಆಕ್ಸಲ್ ಕೌಂಟರುಗಳು ಮಾಡುತ್ತವೆ: ಇಷ್ಟು ಅಚ್ಚುಗಳು ಒಳಗೆ ಹೋದವು, ಅಷ್ಟೇ ಹೊರಗೆ ಬಂದವು, ಹಾಗಾದರೆ ಹಾದಿ ತೆರವು.

ಇಷ್ಟೆಲ್ಲ ಇದ್ದೂ 2023ರ ಜೂನ್ 2ರ ಸಂಜೆ ಒಡಿಶಾದ ಬಾಹಾನಗಾ ಬಜಾರ್ ನಿಲ್ದಾಣದಲ್ಲಿ ಹಸಿರು ಸಿಗ್ನಲ್ ಸುಳ್ಳು ಹೇಳಿತು. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಮಾರ್ಗದಲ್ಲಿ ನೇರ ಹೋಗೆಂದು ಹಸಿರು ಬಿದ್ದಿತ್ತು. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಪಾಯಿಂಟು ತಿರುಗಿದ್ದು ಮಾತ್ರ ಬದಿಯ ಲೂಪ್ ಲೈನಿಗೆ. ಅಲ್ಲಿ ಗೂಡ್ಸ್ ಗಾಡಿ ನಿಂತಿತ್ತು. ಚೆಲ್ಲಾಪಿಲ್ಲಿಯಾದ ಬೋಗಿಗಳು ಅದೇ ಕ್ಷಣ ಪಕ್ಕದ ಹಳಿಯಲ್ಲಿ ಹಾದುಹೋಗುತ್ತಿದ್ದ ಬೆಂಗಳೂರು–ಹೌರಾ ಎಕ್ಸ್‌ಪ್ರೆಸ್‌ನ ಹಿಂಭಾಗಕ್ಕೆ ಬಡಿದವು. 290ಕ್ಕೂ ಹೆಚ್ಚು ಜನ ತೀರಿಕೊಂಡರು. ಪಾಯಿಂಟು ಸರಿಯಾಗಿ ಕೂತು ಬೀಗ ಬೀಳದ ಹೊರತು ಸಿಗ್ನಲ್ ಬೀಳಬಾರದೆಂಬ ಇಂಟರ್‌ಲಾಕಿಂಗ್ 1856ರಲ್ಲಿ ಜಾನ್ ಸ್ಯಾಕ್ಸ್‌ಬಿ ಪೇಟೆಂಟ್ ಮಾಡಿಸಿದ ಕಾಲದಿಂದ ಬಂದದ್ದು. ಬಾಹಾನಗಾದಲ್ಲೂ ಅದಿತ್ತು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಕಂಡದ್ದು ಅದರ ತಂತಿಗಳಲ್ಲಿ ಮನುಷ್ಯರು ಮಾಡಿದ ಮಾರ್ಪಾಡಿನ ಲೋಪ: ಹಿಂದೊಮ್ಮೆ ಮಾಡಿದ್ದು, ಮತ್ತು ಆ ದಿನಗಳಲ್ಲಿ ನಡೆಯುತ್ತಿದ್ದ ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸದಲ್ಲಿ ಆದದ್ದು. ಕೆಟ್ಟದ್ದನ್ನು ಕೆಂಪಾಗಿ ತೋರಿಸುವಂತೆ ಕಟ್ಟಿದ ಯಂತ್ರ, ತನ್ನನ್ನೇ ತಪ್ಪಾಗಿ ಜೋಡಿಸಿದ್ದನ್ನು ಕಾಣಲಾರದೆ ಹೋಯಿತು. ರಿಪೇರಿ ಮುಗಿದ ಮೇಲೆ ಪ್ರತಿ ಸಂಪರ್ಕವನ್ನೂ ಪರೀಕ್ಷಿಸಿ ರುಜು ಹಾಕುವ ಬೇಸರದ ಕೆಲಸ ಯಾವ ಆವಿಷ್ಕಾರಕ್ಕೂ ಕಡಿಮೆಯದಲ್ಲ.

ಚಾಲಕರ ಕಣ್ಣು ತಪ್ಪಿದಾಗ ಕೈ ಹಿಡಿಯಲು ನಮ್ಮಲ್ಲಿ ಈಗ ಬರುತ್ತಿರುವುದು ಕವಚ್. ಭಾರತೀಯ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್.ಡಿ.ಎಸ್.ಓ. ದೇಶದ ಕಂಪನಿಗಳೊಂದಿಗೆ ಕೂಡಿ ಬೆಳೆಸಿದ ಇದರ ಮೊದಲ ಪ್ರಯೋಗದ ಹಾದಿಗಳು ನಮ್ಮ ಕಲ್ಯಾಣ ಕರ್ನಾಟಕಕ್ಕೂ ಚಾಚಿದ್ದವು: ಲಿಂಗಂಪಲ್ಲಿಯಿಂದ ವಿಕಾರಾಬಾದ್ ಮೂಲಕ ವಾಡಿಗೆ, ವಿಕಾರಾಬಾದಿನಿಂದ ಬೀದರಿಗೆ. ಸ್ಲೀಪರುಗಳ ಮೇಲೆ ಕೂರಿಸಿದ ಪುಟ್ಟ ಟ್ಯಾಗುಗಳು ಎಂಜಿನ್ನಿಗೆ ಅದು ಎಲ್ಲಿದೆ ಎಂದು ತಿಳಿಸುತ್ತವೆ. ಮುಂದಿನ ಸಿಗ್ನಲಿನ ಬಣ್ಣ ರೇಡಿಯೊದಲ್ಲಿ ಬರುತ್ತದೆ. ಕೆಂಪಿನ ಕಡೆಗೆ ಧಾವಿಸುತ್ತಿದ್ದರೂ ಚಾಲಕರು ಬ್ರೇಕ್ ಹಾಕದಿದ್ದರೆ ಕವಚ್ ತಾನೇ ಹಾಕುತ್ತದೆ. 2022ರ ಮಾರ್ಚ್ 4ರಂದು ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಇದೇ ಭಾಗದ ಹಳಿಯಲ್ಲಿ ಎಂಜಿನ್ನಿನಲ್ಲಿ ಕೂತು, ಎದುರಿಗೆ ಇನ್ನೊಂದು ಎಂಜಿನ್ನು ಇದ್ದ ಹಳಿಯಲ್ಲೇ ಹೋದರು. ಚಾಲಕರು ಬ್ರೇಕ್ ಮುಟ್ಟಲಿಲ್ಲ. ಗಾಡಿ 380 ಮೀಟರ್ ದೂರದಲ್ಲಿ ತಾನೇ ನಿಂತಿತು. ದೇಶದ ಹಳಿಯ ಉದ್ದಕ್ಕೆ ಹೋಲಿಸಿದರೆ ಕವಚ್ ಹಬ್ಬಿದ ಹಾದಿ ಇನ್ನೂ ಚಿಕ್ಕದು. ಆ ಕೆಲಸ ಬೇಗ ಸಾಗಬೇಕು.

ಇಲ್ಲಿಯವರೆಗಿನದು ಗಾಡಿಯನ್ನು ನಿಲ್ಲಿಸುವ ಮಾತಾಯಿತು. ಗಾಡಿಯೇ ಒಳಗೊಳಗೆ ಕೆಡುತ್ತಿದ್ದರೆ ಅದನ್ನು ತಿಳಿಯುವುದು ಹೇಗೆ?

ಹಳೆಯ ಕಾಲದಲ್ಲಿ ಉದ್ದ ಹಿಡಿಯ ಸುತ್ತಿಗೆ ಹಿಡಿದವನೊಬ್ಬ ದೊಡ್ಡ ನಿಲ್ದಾಣಗಳಲ್ಲಿ ಗಾಡಿಯ ಉದ್ದಕ್ಕೂ ನಡೆಯುತ್ತಾ ಪ್ರತಿ ಗಾಲಿಗೂ ಒಂದೊಂದು ಏಟು ಹಾಕುತ್ತಿದ್ದ. ಠಣ್ ಎಂದು ದನಿ ಗಂಟೆಯಂತೆ ಹರಿದರೆ ಗಾಲಿ ಗಟ್ಟಿ. ದಡ್ ಎಂದು ಮುಗ್ಗಿದರೆ ಎಲ್ಲೋ ಬಿರುಕು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವ ವಿದ್ಯೆಯೇ ಇದು. ಗಾಲಿಯ ಅಚ್ಚಿನ ತುದಿಯ ಬೇರಿಂಗ್ ಇನ್ನೊಂದು ಚಿಂತೆ. ಎಣ್ಣೆ ಆರಿ ಬೇರಿಂಗ್ ಉಜ್ಜಿದರೆ ಕಾಯುತ್ತದೆ, ಹೊಗೆಯಾಡುತ್ತದೆ, ಕೊನೆಗೆ ಅಚ್ಚಿನ ತುದಿ ಮೆತ್ತಗಾಗಿ ಕಿತ್ತುಬರುತ್ತದೆ. ರೈಲ್ವೆಯವರ ಬಾಯಲ್ಲಿ ಇದು ‘ಹಾಟ್ ಆಕ್ಸಲ್’. ನಿಲ್ಲದ ಗಾಡಿ ಹಾದುಹೋಗುವಾಗ ಸ್ಟೇಷನ್ ಮಾಸ್ಟರು ಹಸಿರು ಬಾವುಟ ಹಿಡಿದು ಹೊರಗೆ ನಿಲ್ಲುವುದು ಮರ್ಯಾದೆಗಲ್ಲ. ಹೊಗೆ, ಕಿಡಿ, ಜೋತುಬಿದ್ದ ಭಾಗ ಏನಾದರೂ ಇದೆಯೇ ಎಂದು ಅವರ ಕಣ್ಣು ಗಾಲಿಗಳ ಮೇಲಿರುತ್ತದೆ; ಎಲ್ಲ ಸರಿಯಿದ್ದರೆ ಗಾರ್ಡಿನೊಂದಿಗೆ ‘ಆಲ್‌ರೈಟ್’ ಸನ್ನೆ ಬದಲಾಗುತ್ತದೆ.

ಕಣ್ಣು, ಕಿವಿ ಮಾಡುತ್ತಿದ್ದ ಈ ಕೆಲಸವನ್ನು 1950ರ ದಶಕದಿಂದ ಹಳಿಬದಿಯ ಯಂತ್ರಗಳು ಕಲಿತವು. ಅವಕೆಂಪು ಕಿರಣಗಳಿಂದ ಓಡುವ ಗಾಡಿಯ ಪ್ರತಿ ಬೇರಿಂಗಿನ ಬಿಸಿ ಅಳೆಯುವ ಪೆಟ್ಟಿಗೆಗಳು ಬಂದವು. ಆಮೇಲೆ ಮೈಕುಗಳು ಬಂದವು, ಬೇರಿಂಗ್ ಬಿಸಿಯಾಗುವ ಎಷ್ಟೋ ಮೊದಲೇ ಅದರ ಗೊಗ್ಗರು ದನಿಯನ್ನು ಗುರುತಿಸಲು. ಹಳಿಗೇ ಅಂಟಿಸಿದ ಅಳತೆಮಾಪಕಗಳು ಗಾಲಿಯ ಏಟನ್ನು ತೂಗುತ್ತವೆ. ಬ್ರೇಕಿನಲ್ಲಿ ಜಾರಿ ಒಂದು ಕಡೆ ಚಪ್ಪಟೆಯಾದ ಗಾಲಿ ಪ್ರತಿ ಸುತ್ತಿಗೂ ಹಳಿಗೆ ಸುತ್ತಿಗೆಯಂತೆ ಬಡಿಯುತ್ತದಲ್ಲ, ಅದು. ಈ ಬಗೆಯ ವೈಲ್ಡ್ ಎಂಬ ಯಂತ್ರವನ್ನು ಆರ್.ಡಿ.ಎಸ್.ಓ. ಮತ್ತು ಕಾನ್ಪುರದ ಐ.ಐ.ಟಿ. ಕೂಡಿ ನಮ್ಮಲ್ಲೇ ರೂಪಿಸಿದವು. ಹಿಂದೆ ಸುತ್ತಿಗೆ ಗಾಲಿಯನ್ನು ಬಡಿದು ಕೇಳುತ್ತಿತ್ತು. ಈಗ ಗಾಲಿ ಹಳಿಯನ್ನು ಬಡಿದು ಹೇಳುತ್ತದೆ.

ಹೇಳಿದ್ದನ್ನು ಕೇಳುವವರು ಬೇಕು. 1998ರ ಜೂನ್ 3ರಂದು ಜರ್ಮನಿಯಲ್ಲಿ ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಓಡುತ್ತಿದ್ದ ಐ.ಸಿ.ಇ. ರೈಲಿನ ಒಂದು ಗಾಲಿಯ ಹೊರಪಟ್ಟಿ, ಒಳಗೇ ಬೆಳೆದಿದ್ದ ಬಿರುಕಿನಿಂದ ತುಂಡಾಯಿತು. ಉಕ್ಕಿನ ಆ ಪಟ್ಟಿ ಬೋಗಿಯ ನೆಲ ಸೀಳಿಕೊಂಡು ಪ್ರಯಾಣಿಕರ ನಡುವೆ ಎದ್ದು ಬಂತು. ಕಂಡ ಪ್ರಯಾಣಿಕರೊಬ್ಬರು ಚೈನು ಎಳೆಯದೆ ಕಂಡಕ್ಟರನ್ನು ಹುಡುಕಿ ಹೋದರು. ಕಂಡಕ್ಟರು, ಕಣ್ಣಾರೆ ನೋಡದೆ ಗಾಡಿ ನಿಲ್ಲಿಸುವಂತಿಲ್ಲವೆಂದು ನೋಡಲು ಬರುತ್ತಿದ್ದರು. ಆ ಒಂದೆರಡು ನಿಮಿಷದಲ್ಲಿ ಎಶೆಡೆ ಎಂಬ ಊರಿನ ಪಾಯಿಂಟು ಬಂತು, ಮೇಲ್ಸೇತುವೆ ಬಂತು. 101 ಜನ ಸತ್ತರು. ರೈಲಿನಲ್ಲಿ ಓದುಗರು ಎಂದಾದರೂ ಅಂಥದೇನಾದರೂ ಕಂಡರೆ ಮೊದಲು ಚೈನು, ಆಮೇಲೆ ಮಾತು.

ಅಮೆರಿಕದ ಓಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೈನಿನಲ್ಲಿ 2023ರ ಫೆಬ್ರವರಿ 3ರ ರಾತ್ರಿ ಯಂತ್ರಗಳೂ ಇದ್ದವು, ಕೆಲಸವನ್ನೂ ಮಾಡಿದವು. ರಾಸಾಯನಿಕ ಹೊತ್ತ ಉದ್ದನೆಯ ಗೂಡ್ಸ್ ಗಾಡಿಯ ಒಂದು ಬೇರಿಂಗ್, ಹೊರಗಿನ ಹವೆಗಿಂತ 21 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಿದೆ ಎಂದು ಒಂದು ಪೆಟ್ಟಿಗೆ ಅಳೆಯಿತು. ಮುಂದಿನದು 57 ಡಿಗ್ರಿ ಎಂದಿತು. ಗಾಡಿ ನಿಲ್ಲಿಸಬೇಕೆಂದು ಕಂಪನಿ ಗೊತ್ತುಮಾಡಿಕೊಂಡಿದ್ದ ಅಂಕಿಗಿಂತ ಅದು ಕಡಿಮೆ. ದೂರದ ಕಚೇರಿಗೆ ಸುದ್ದಿ ಹೋಯಿತೇ ಹೊರತು ಚಾಲಕರಿಗೆ ಮುಟ್ಟಲಿಲ್ಲ. ಮೂರನೆಯ ಪೆಟ್ಟಿಗೆ ಇದ್ದದ್ದು ಅಲ್ಲಿಂದ ಸುಮಾರು 30 ಕಿ.ಮೀ. ಆಚೆ. ಅಲ್ಲಿ ಏರಿಕೆ 141 ಡಿಗ್ರಿ. ಕೂಡಲೇ ನಿಲ್ಲಿಸಿ ಎಂಬ ಎಚ್ಚರಿಕೆ ಕೂಗಿತು, ಚಾಲಕರು ಬ್ರೇಕ್ ಹಾಕಿದರು, ಅಷ್ಟರಲ್ಲಿ ಬೇರಿಂಗ್ ಮುಗಿದಿತ್ತು. 38 ಬೋಗಿಗಳು ಹಳಿ ಬಿಟ್ಟವು. ಮೂರು ದಿನದ ಮೇಲೆ ಐದು ಟ್ಯಾಂಕರುಗಳ ವಿನೈಲ್ ಕ್ಲೋರೈಡನ್ನು ಬೇಕೆಂದೇ ಹೊರಬಿಟ್ಟು ಸುಟ್ಟರು. ಊರವರು ಮನೆ ತೊರೆದು ಹೋಗಬೇಕಾಯಿತು. ಜೀವಹಾನಿಯಾಗಲಿಲ್ಲ. ಪೆಟ್ಟಿಗೆಗಳ ನಡುವಿನ ದೂರ ಎಷ್ಟಿರಬೇಕು, ಯಾವ ಅಂಕಿಗೆ ಗಾಡಿ ನಿಲ್ಲಬೇಕು ಎಂಬುದು ಯಂತ್ರದ ಪ್ರಶ್ನೆಯಲ್ಲ. ಅದನ್ನು ಗೊತ್ತುಮಾಡುವವರು ಕುರ್ಚಿಯಲ್ಲಿ ಕೂತ ಮನುಷ್ಯರು. ಗಾಡಿ ಸುಮ್ಮನೆ ನಿಂತರೆ ಆಗುವ ನಷ್ಟವನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವಾಗ, ಹಳಿಬದಿಯ ಊರೂ ಆ ಲೆಕ್ಕದಲ್ಲಿ ಇರಬೇಕು.

ಹಳಿಯೊಳಗಿನ ಬಿರುಕು ಇನ್ನೂ ಗುಟ್ಟಿನದು. 1911ರ ಆಗಸ್ಟಿನಲ್ಲಿ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಬಳಿ ಹಳಿ ಮುರಿದು 29 ಜನ ಸತ್ತಾಗ ಮುರಿದ ತುಂಡುಗಳನ್ನು ಪರೀಕ್ಷಿಸಿದರು. ಹೊರಗಿನಿಂದ ನುಣ್ಣಗಿದ್ದ ಹಳಿಯ ತಲೆಯೊಳಗೆ ಬಿರುಕು ಹುಟ್ಟಿ ಸದ್ದಿಲ್ಲದೆ ಹರಡಿತ್ತು. ಹಡಗುಗಳ ಗೈರೊ ದಿಕ್ಸೂಚಿಯಿಂದ ಹೆಸರಾಗಿದ್ದ ಎಲ್ಮರ್ ಸ್ಪೆರಿ ಇದರ ಬೆನ್ನು ಹತ್ತಿ, ಹಳಿಗೆ ವಿದ್ಯುತ್ತು ಹರಿಸಿ ಅದರ ಏರುಪೇರಿನಿಂದ ಬಿರುಕು ಹುಡುಕುವ ಬೋಗಿಯನ್ನು 1928ರಲ್ಲಿ ಹಳಿಗಿಳಿಸಿದ. ಈಗ ಆ ಕೆಲಸಕ್ಕೆ ನಮ್ಮ ಕಿವಿಗೆ ಕೇಳದ ಶಬ್ದ, ಅಂದರೆ ಅಲ್ಟ್ರಾಸೌಂಡ್. ಗರ್ಭದ ಮಗುವನ್ನು ತೋರಿಸುವುದೂ ಇದೇ ವಿದ್ಯೆ. ರೈಲಿನ ಕಿಟಕಿಯಿಂದ ಗಮನಿಸಿದರೆ ಒಮ್ಮೊಮ್ಮೆ ಹಳಿಯ ಮೇಲೆ ಪುಟ್ಟ ತಳ್ಳುಗಾಡಿ ನೂಕುತ್ತಾ ಬಿಸಿಲಿನಲ್ಲಿ ನಡೆಯುವ ತಂಡ ಕಾಣುತ್ತದೆ. ಗಾಡಿಯ ಮೇಲೆ ನೀರಿನ ಡಬ್ಬ. ಹಳಿಗೂ ಯಂತ್ರಕ್ಕೂ ನಡುವೆ ನೀರಿನ ಪದರ ಇಲ್ಲದಿದ್ದರೆ ಶಬ್ದ ಒಳಗಿಳಿಯದು. ಬೇರೆ ಬೇರೆ ಕೋನಗಳಲ್ಲಿ ಇಳಿದ ಶಬ್ದ ಬಿರುಕಿಗೆ ತಾಗಿ ಮರಳಿದರೆ ಪರದೆಯ ಮೇಲೆ ಗೆರೆ ಏಳುತ್ತದೆ. ಬೆಂಗಳೂರಿನ ಯಲಹಂಕದಲ್ಲಿ 1984ರಿಂದ ನಡೆಯುತ್ತಿರುವ ರೈಲು ಗಾಲಿ ಕಾರ್ಖಾನೆಯಲ್ಲೂ ಹೀಗೇ. ಹಳೆಯ ಉಕ್ಕನ್ನು ಕರಗಿಸಿ, ಗ್ರಾಫೈಟ್ ಅಚ್ಚುಗಳಿಗೆ ತುಂಬಿ ಎರಕ ಹೊಯ್ದ ಗಾಲಿ ಅಲ್ಟ್ರಾಸೌಂಡಿನ ಪರೀಕ್ಷೆಯಲ್ಲಿ ಗೆದ್ದರೆ ಮಾತ್ರ ಗೇಟು ದಾಟುತ್ತದೆ.

ಮತ್ತೆ ಮತ್ಸ್ಯಗಂಧ. 2004ರ ಜೂನ್ 16ರಂದು ಇದೇ ಹೆಸರಿನ ಗಾಡಿ ಮಂಗಳೂರಿನಿಂದ ಮುಂಬೈಗೆ ಹೋಗುತ್ತಾ ಮಹಾರಾಷ್ಟ್ರದ ಕರಂಜಾಡಿ ಬಳಿ ಮಳೆಗೆ ಜಾರಿಬಿದ್ದಿದ್ದ ಬಂಡೆಗಳಿಗೆ ಬಡಿದು ಸೇತುವೆಯಿಂದ ಉರುಳಿತ್ತು. ಅಲ್ಲಿ ಬಟ್ಟೆ ಬೀಸುವವರು ಯಾರೂ ಇರಲಿಲ್ಲ. ಅಂಥ ಪೆಟ್ಟುಗಳಿಂದ ಕೊಂಕಣ ರೈಲ್ವೆ ತನ್ನ ಮಳೆಗಾಲವನ್ನೇ ಬೇರೆ ಮಾಡಿಕೊಂಡಿದೆ. ಆ ತಿಂಗಳುಗಳಿಗೆ ವೇಗ ತಗ್ಗಿಸಿದ ಪ್ರತ್ಯೇಕ ವೇಳಾಪಟ್ಟಿ. ಗುಡ್ಡ ಕಡಿದ ಕಡೆ ಬಂಡೆ ತಡೆಯುವ ಉಕ್ಕಿನ ಬಲೆ. ಕಾರವಾರ, ಭಟ್ಕಳ, ಉಡುಪಿಯಲ್ಲಿ ತಾನೇ ಬರೆದುಕೊಳ್ಳುವ ಮಳೆಮಾಪಕ. ಹೊನ್ನಾವರ ಮತ್ತು ಮಂಕಿಯ ನಡುವೆ, ಎರಡು ಕಿ.ಮೀ.ಗೂ ಉದ್ದದ ಶರಾವತಿ ಸೇತುವೆಯ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರ. ಮಳೆ ಧೋ ಎಂದು ಸುರಿದು ಮುಂದಿನದು ಕಾಣದಾದರೆ ಚಾಲಕರು ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ.

ಇಷ್ಟು ಯಂತ್ರಗಳ ನಡುವೆಯೂ ರಾತ್ರಿ ಹಳಿಯ ಮೇಲೆ ಗಸ್ತಿನವರು ನಡೆಯುತ್ತಾರೆ. ತಲೆಗೆ ಕೊಪ್ಪೆಯಂಥ ಮಳೆಯಂಗಿ, ಕೈಯಲ್ಲಿ ಮೂರು ಬಣ್ಣ ತೋರುವ ದೀಪ, ಹೆಗಲ ಚೀಲದಲ್ಲಿ ಡಿಟೋನೇಟರುಗಳು. 1841ರಲ್ಲಿ ಎಡ್ವರ್ಡ್ ಕೂಪರ್ ಎಂಬ ಇಂಗ್ಲಿಷ್ ಎಂಜಿನಿಯರ್ ಮಂಜಿನ ದಿನಗಳಿಗೆಂದು ಮಾಡಿದ ಈ ಪಟಾಕಿ ಇಂದಿಗೂ ಬಳಕೆಯಲ್ಲಿದೆ. ಹಳಿಗೆ ಕಟ್ಟಿದರೆ ಗಾಲಿ ಹತ್ತಿದೊಡನೆ ಸಿಡಿಯುತ್ತದೆ, ಕಣ್ಣಿಗೆ ಕಾಣದ್ದನ್ನು ಚಾಲಕರ ಕಿವಿಗೆ ಮುಟ್ಟಿಸುತ್ತದೆ. ಗುಡ್ಡ ಕುಸಿದದ್ದು ಕಂಡರೆ ಗಸ್ತಿನವರು ಗಾಡಿ ಬರುವ ದಿಕ್ಕಿಗೆ ಕೆಂಪು ದೀಪ ತೋರುತ್ತಾ ಓಡಬೇಕು. ನಮ್ಮ ಬ್ರಾಡ್‌ಗೇಜ್ ನಿಯಮದಂತೆ 600 ಮೀಟರಿಗೆ ಒಂದು ಡಿಟೋನೇಟರ್ ಕಟ್ಟಬೇಕು, 1200 ಮೀಟರಿಗೆ ಹತ್ತತ್ತು ಮೀಟರ್ ಅಂತರದಲ್ಲಿ ಮೂರು.

ಏನೂ ಕಾಣದ ರಾತ್ರಿಗಳೇ ಹೆಚ್ಚು. ಅಂಥ ರಾತ್ರಿ ತನ್ನ ಪಾಲಿನ ಹಳಿ ಮುಗಿಯುವಲ್ಲಿ ಗಸ್ತಿನವನು ನಿಲ್ಲುತ್ತಾನೆ. ಆ ಕಡೆಯಿಂದ ಇನ್ನೊಂದು ದೀಪ ಅಲುಗುತ್ತಾ ಬರುತ್ತದೆ. ಇಬ್ಬರೂ ಗಸ್ತಿನ ಪುಸ್ತಕ ಬದಲಾಯಿಸಿಕೊಳ್ಳುತ್ತಾರೆ. ಆ ಪುಸ್ತಕ ಕೈ ಬದಲಾದರೆ ಇಬ್ಬರೂ ಪೂರ್ತಿ ದೂರ ನಡೆದರೆಂದು ಲೆಕ್ಕ. ಮತ್ತೆ ತಿರುಗಿ, ಬಂದ ದಾರಿಯಲ್ಲೇ ಹಳಿ ನೋಡುತ್ತಾ ಹೋಗುತ್ತಾರೆ.